ಮೆಲ್ಲನೆ ನಡೆದವರ ಮಲ್ಲಯ್ಯ

ಫಾಲ್ಗುಣ ಮಾಸ ಬಂದಿತೆಂದರೆ ಕೃಷ್ಣಾ ಮತ್ತು ಭೀಮಾ ತೀರದ ಹಳ್ಳಿಗಳಲ್ಲಿ ಮಲ್ಲಯ್ಯನ ಹೆಸರು ಮನೆಮನೆಯಲ್ಲಿ ಕೇಳತೊಡಗುತ್ತದೆ. ಜೋಳದ ರಾಶಿ ಮುಗಿದಿರುತ್ತದೆ, ಹೊಲ ಬಯಲಾಗಿರುತ್ತದೆ, ಬಿಸಿಲು ಏರುತ್ತಿರುತ್ತದೆ. ಆ ಬಿಸಿಲಿನಲ್ಲಿಯೇ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಸಾವಿರಾರು ಸದ್ಭಕ್ತರು ಹೆಗಲ ಮೇಲೆ ಕಂಬಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಬುತ್ತಿಯ ಗಂಟು ಹಿಡಿದು ಶ್ರೀಶೈಲದ ಕಡೆಗೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಯುಗಾದಿಯ ಹೊತ್ತಿಗೆ ಗಿರಿಯನ್ನು ಮುಟ್ಟಬೇಕೆಂಬುದು ಅವರೆಲ್ಲರ ಸಂಕಲ್ಪ. ಶ್ರೀಶೈಲದ ಭ್ರಮರಾಂಬೆ ಕನ್ನಡ ನಾಡಿನ ಮನೆಮಗಳು, ಮಲ್ಲಯ್ಯ ಅಳಿಯ ಎಂಬುದು ಈ ಭಾಗದ ಜನರ ನಂಬಿಕೆ. ಆದುದರಿಂದ ಹೋಗುವವರು ಬರಿಗೈಯಲ್ಲಿ ಹೋಗುವುದಿಲ್ಲ. ಹಬ್ಬಕ್ಕೆ ಮಗಳ ಮನೆಗೆ ಹೋಗುವ ತವರಿನವರಂತೆ ಸೀರೆ, ಕುಪ್ಪಸ, ಬಳೆ, ಅರಿಷಿಣ, ಕುಂಕುಮ ಕಟ್ಟಿಕೊಂಡು ಹೋಗುತ್ತಾರೆ.

ದಾರಿಗಳು ಬೇರೆಬೇರೆ. ಸುರಪುರದವರು ತಿಂಥಣಿಯ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿ ದೇವದುರ್ಗದ ಕಡೆಗೆ ಹೊರಳುತ್ತಾರೆ. ಶಹಾಪುರದವರು ಮಲಗಿದ ಬುದ್ಧನಂತೆ ಕಾಣುವ ತಮ್ಮೂರ ಬೆಟ್ಟವನ್ನು ಹಿಂದೆ ಬಿಟ್ಟು, ಕೊಳ್ಳೂರು ದಾಟಿ, ಹೂವಿನಹೆಡಗಿಯ ಸೇತುವೆಯ ಮೇಲೆ ನದಿಯನ್ನು ಹಾಯುತ್ತಾರೆ. ಯಾದಗಿರಿಯವರು ಸೈದಾಪುರದ ದಾರಿ ಹಿಡಿಯುತ್ತಾರೆ. ಎಲ್ಲರೂ ಕೂಡುವುದು ರಾಯಚೂರಿನಲ್ಲಿ. ಅಲ್ಲಿಂದ ಮುಂದೆ ಕರ್ನೂಲು, ಆತ್ಮಕೂರು. ಆತ್ಮಕೂರಿನ ಆಚೆ ನಲ್ಲಮಲೆಯ ಅಡವಿ. ಎಲ್ಲವನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರ್ ನಡಿಗೆ.

ಈ ನಡಿಗೆ ಇಂದು ನಿನ್ನೆಯದಲ್ಲ. 13ನೇ ಶತಮಾನದ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಪಂಡಿತಾರಾಧ್ಯ ಚರಿತ್ರೆಯಲ್ಲಿ ಶ್ರೀಶೈಲಕ್ಕೆಂದೇ ಮೀಸಲಾದ ಪರ್ವತ ಪ್ರಕರಣವಿದೆ. ಅದಕ್ಕೂ ಹಿಂದೆ, 12ನೇ ಶತಮಾನದಲ್ಲಿ, ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದರು. ಅಲ್ಲಮಪ್ರಭುಗಳ ಕೊನೆಯ ನೆಲೆಯೂ ಆ ಕದಳಿಯೇ ಎಂಬುದು ಪರಂಪರೆಯ ನಂಬಿಕೆ.

ಆದರೂ ವಚನಗಳನ್ನು ಓದಿದ ಭಕ್ತರ ಮನಸ್ಸಿನಲ್ಲಿ ಇಲ್ಲೊಂದು ಪ್ರಶ್ನೆ ಏಳದೆ ಇರದು. ದೇಹವನ್ನೇ ದೇಗುಲವಾಗಿ ಕಂಡವರು ಬಸವಣ್ಣನವರು. ನಿಂತ ಕಲ್ಲಿಗಿಂತ ನಡೆದಾಡುವ ಜಂಗಮವೇ ಮಿಗಿಲೆಂದು ಸಾರಿದವರು ಶರಣರು. ತೀರ್ಥಗಳನ್ನು ಮುಳುಗುತ್ತ, ಕ್ಷೇತ್ರಗಳನ್ನು ಸುತ್ತುತ್ತ ಮನಸ್ಸನ್ನು ಮಾತ್ರ ಇದ್ದಲ್ಲಿಯೇ ಬಿಟ್ಟವರನ್ನು ಅವರು ಸುಮ್ಮನೆ ಬಿಡಲಿಲ್ಲ. ಹಾಗಿರುವಾಗ ಕರಸ್ಥಲದಲ್ಲಿ ಇಷ್ಟಲಿಂಗವನ್ನು ಧರಿಸಿದವರು ಮುನ್ನೂರು ಕಿಲೋಮೀಟರ್ ದೂರದ ಸ್ಥಾವರಕ್ಕಾಗಿ ಕಾಲು ಸವೆಸುವುದು ತರವೇ? ಇದು ಹಗುರವಾದ ಪ್ರಶ್ನೆಯಲ್ಲ. ಇದಕ್ಕೆ ಅವಸರದ ಉತ್ತರವೂ ಸಲ್ಲದು.

ಸುರಪುರದ ನಿವೃತ್ತ ಕನ್ನಡ ಶಿಕ್ಷಕರೊಬ್ಬರು ಈ ಪ್ರಶ್ನೆಯನ್ನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ತರಗತಿಯಲ್ಲಿ ಕೇಳಿದವರು, ಮನೆಯಲ್ಲಿಯೂ ಕೇಳಿದವರು. ಅವರ ಧರ್ಮಪತ್ನಿಗೆ ಮದುವೆಯಾದ ಹೊಸತರಿಂದಲೂ ಒಂದೇ ಆಸೆ, ಜೀವನದಲ್ಲಿ ಒಮ್ಮೆಯಾದರೂ ಮಲ್ಲಯ್ಯನ ಗಿರಿಗೆ ನಡೆದು ಹೋಗಬೇಕು. ಅವರು ಕೇಳಿದಾಗಲೆಲ್ಲ ಶಿಕ್ಷಕರು ತಮ್ಮ ಅಂಗೈಯನ್ನು ತೋರಿಸುತ್ತಿದ್ದರು. ಆ ತಾಯಿಯೂ ಸುಮ್ಮನಾಗುತ್ತಿದ್ದರು. ಮಕ್ಕಳು ಬೆಳೆದರು, ಊರು ಬಿಟ್ಟರು. ಶಿಕ್ಷಕರಿಗೆ ನಿವೃತ್ತಿಯಾಯಿತು. ಅಷ್ಟರಲ್ಲಿ ತಾಯಿಯ ವಯಸ್ಸು ಅರವತ್ತು ದಾಟಿ, ಮೊಣಕಾಲು ನೋವು ಹತ್ತಿಕೊಂಡಿತ್ತು. 2024ರ ಮಹಾಶಿವರಾತ್ರಿಯ ಜಾಗರಣೆಯ ರಾತ್ರಿ ಅವರು ಮತ್ತೆ ಅದೇ ಮಾತನ್ನು ಎತ್ತಿದರು. ಶಿಕ್ಷಕರು ಮತ್ತೆ ಅಂಗೈ ತೋರಿಸಿದರು. ಈ ಸಲ ಆ ತಾಯಿ ಸುಮ್ಮನಾಗಲಿಲ್ಲ.

“ನೀವು ಲಿಂಗ ಹಿಡ್ಕೊಂಡು ಕೂಡ್ತೀರಿ, ನಾ ಲಿಂಗ ಹಿಡ್ಕೊಂಡು ನಡೀತೀನಿ. ಅದೇನು ಬ್ಯಾಡಂತದೇನ್ರಿ?” ಎಂದರು.

ಮೂವತ್ತು ವರ್ಷ ವಚನ ಪಾಠ ಮಾಡಿದ ಶಿಕ್ಷಕರು ಮರುಮಾತಾಡಲಿಲ್ಲ. ತಮ್ಮ ನಿಲುವನ್ನು ಅವರು ಬಿಟ್ಟುಕೊಡಲಿಲ್ಲ. ಆದರೆ ಅಂಥ ಮೊಣಕಾಲಿನ ಹೆಣ್ಣುಮಗಳನ್ನು ಒಬ್ಬಳನ್ನೇ ಕಳುಹಿಸುವುದು ಅವರಿಂದಾಗಲಿಲ್ಲ. ಮಾರ್ಚ್ 11, ಫಾಲ್ಗುಣ ಶುದ್ಧ ಪಾಡ್ಯದ ಸೋಮವಾರ, ಇಬ್ಬರೂ ಮನೆಯಿಂದ ಹೊರಬಿದ್ದರು. ಯುಗಾದಿ ಏಪ್ರಿಲ್ 9ಕ್ಕಿತ್ತು. ಉಳಿದವರು ಎಂಟು ಹತ್ತು ದಿನಗಳಲ್ಲಿ ಮುಗಿಸುವ ದಾರಿಗೆ ಅವರು ಇಪ್ಪತ್ತೆಂಟು ದಿನಗಳನ್ನು ಇಟ್ಟುಕೊಂಡರು. ಏಪ್ರಿಲ್ 8ಕ್ಕೆ ಗಿರಿ ಮುಟ್ಟಿ, ಮರುದಿನ ತೇರು ನೋಡಬೇಕೆಂಬುದು ಲೆಕ್ಕ. ಈ ಲೆಕ್ಕದಲ್ಲಿ ಆ ತಾಯಿಯ ಮೊಣಕಾಲೇ ಗುರುವಾಗಿತ್ತು.

ಅವರ ದಿನಚರಿ ಸರಳವಾಗಿತ್ತು. ನಸುಕಿನ ನಾಲ್ಕು ಗಂಟೆಗೆ ಏಳುವುದು, ಇಷ್ಟಲಿಂಗ ಪೂಜೆ ಮುಗಿಸುವುದು, ಬಿಸಿಲೇರುವ ಮುನ್ನ ಏಳೆಂಟು ಕಿಲೋಮೀಟರ್ ನಡೆಯುವುದು. ಹಗಲೆಲ್ಲ ಯಾವುದಾದರೂ ಗುಡಿ, ಶಾಲೆ, ಇಲ್ಲವೇ ಬೇವಿನ ಮರದ ನೆರಳು. ಸಂಜೆ ಐದರ ಮೇಲೆ ಮತ್ತೆ ನಾಲ್ಕೈದು ಕಿಲೋಮೀಟರ್. ದಿನಕ್ಕೆ ಹನ್ನೆರಡು, ಹೆಚ್ಚೆಂದರೆ ಹದಿನೈದು. 2023ರ ಬರ ಮುಗಿಯದ ಬೇಸಿಗೆಯದು. ತಿಂಥಣಿಯ ಸೇತುವೆಯ ಮೇಲೆ ನಿಂತಾಗ ಕೃಷ್ಣೆಯ ಪಾತ್ರದಲ್ಲಿ ನೀರಿಗಿಂತ ಬಂಡೆಗಳೇ ಹೆಚ್ಚಾಗಿ ಕಂಡವು. ಆ ತಾಯಿ ಒಂದು ಗಳಿಗೆ ಕೈಮುಗಿದು ನಿಂತರು. ಶಿಕ್ಷಕರು ಕೈಗಡಿಯಾರ ನೋಡಿದರು. ಮೊದಲ ವಾರ ಹೀಗೆಯೇ ಕಳೆಯಿತು. ಒಬ್ಬರು ದಾರಿಯನ್ನು ನೋಡುತ್ತಿದ್ದರು, ಇನ್ನೊಬ್ಬರು ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತಿದ್ದರು.

ರಾಯಚೂರಿನ ಆಚೆ, ಹೋಳಿ ಹುಣ್ಣಿಮೆ ಕಳೆದ ಮೇಲೆ, ಹಿಂದೆ ಹೊರಟ ತಂಡಗಳು ಅವರನ್ನು ದಾಟತೊಡಗಿದವು. ದಿನಕ್ಕೆ ಐವತ್ತು ಕಿಲೋಮೀಟರ್ ನಡೆಯುವ ಹುಡುಗರು. ಹರಹರ ಮಹಾದೇವ ಎಂಬ ಘೋಷ ಹಿಂದಿನಿಂದ ಬಂದು, ಮಗ್ಗುಲಲ್ಲಿ ಮೊಳಗಿ, ಮುಂದೆ ಸಾಗಿ ಹೋಗುತ್ತಿತ್ತು. ಒಬ್ಬ ತರುಣನು ಆ ತಾಯಿಯ ನಡಿಗೆಯನ್ನು ನೋಡಿ ನಗುತ್ತ ಹೇಳಿದನು, “ಯಮ್ಮಾ, ಹಿಂಗ ನಡದ್ರ ಮುಂದಿನ ಉಗಾದಿಗಿ ಮುಟ್ತೀರಿ ನೋಡ್ರಿ.”

“ಮಲ್ಲಯ್ಯ ಎಲ್ಲೂ ಓಡಿ ಹೋಗಂಗಿಲ್ಲ ತಮ್ಮಾ. ನೀ ಯಾಕ ಓಡ್ತಿ?”

ತರುಣನು ನಕ್ಕು, “ಶರಣ್ರೀ ಯಮ್ಮಾ” ಎಂದು ಮುಂದೆ ಹೋದನು.

ಈ ಮಾತನ್ನು ಕೇಳಿದಾಗ ಶಿಕ್ಷಕರಿಗೆ ನೆನಪಾದವರು ಆಯ್ದಕ್ಕಿ ಲಕ್ಕಮ್ಮ. ಕೃಷ್ಣೆಯ ಆಚೆ ದಡದ, ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ದಂಪತಿ ಅವರು. ಪತಿ ಮಾರಯ್ಯನವರ ಕಾಯಕ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮ ಮೆಚ್ಚಲಿಲ್ಲ. ಆ ದಿನದ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ಈಶ್ವರನಿಗೂ ಒಪ್ಪುವುದಿಲ್ಲವೆಂದು ತಿಳಿಹೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಈ ಪ್ರಸಂಗವನ್ನು ಎಲ್ಲರೂ ಧನದ ಆಸೆಗೆ ಹೊಂದಿಸಿ ವ್ಯಾಖ್ಯಾನಿಸುತ್ತಾರೆ. ಶಿಕ್ಷಕರೂ ವರ್ಷವರ್ಷವೂ ಹಾಗೆಯೇ ಪಾಠ ಮಾಡಿದ್ದರು. ಆದರೆ ದಾರಿಯನ್ನೂ ಅಕ್ಕಿಯಂತೆ ಅಗತ್ಯಕ್ಕಿಂತ ಹೆಚ್ಚು ಗೋರಿಕೊಳ್ಳಬಹುದು. ಇಂದು ಐವತ್ತು ಕಿಲೋಮೀಟರ್ ಆಯಿತು, ನಾಳೆ ಅರವತ್ತು ಆಗಬೇಕು ಎನ್ನುವಾಗ ಕಾಲಿಗೆ ಬೇಕಾದಷ್ಟನ್ನು ಮೀರಿ ಮನಸ್ಸು ಗೋರಿಕೊಳ್ಳುತ್ತಿರುತ್ತದೆ. ಭಕ್ತಿಯ ವೇಷದಲ್ಲಿ ಬಂದರೂ ಆಸೆ ಆಸೆಯೇ. ಮರುದಿನದಿಂದ ಶಿಕ್ಷಕರು ಕಲ್ಲುಗಳನ್ನು ಎಣಿಸುವುದನ್ನು ಬಿಟ್ಟರು.

ಇನ್ನೂ ಒಂದು ಸಂಗತಿ ಅವರ ಅರಿವಿಗೆ ಬಂದಿತು. ಬೇಗ ನಡೆಯುವವರಿಗೆ ದಾಸೋಹದ ಪೆಂಡಾಲು ಊಟದ ಜಾಗ ಮಾತ್ರ. ಎಲೆ ಹಾಕಿಸಿಕೊಂಡು, ಉಂಡು, ಎದ್ದು ಹೋಗುತ್ತಾರೆ. ಮೆಲ್ಲನೆ ನಡೆಯುವವರಿಗೆ ಅಲ್ಲಿ ಮನುಷ್ಯರು ಕಾಣುತ್ತಾರೆ. ನಸುಕಿನಲ್ಲಿ ಎದ್ದು ಮಜ್ಜಿಗೆ ಕಡೆಯುವ ಹೆಣ್ಣುಮಕ್ಕಳು, ಸಾಲ ಮಾಡಿಯಾದರೂ ವರ್ಷಕ್ಕೊಮ್ಮೆ ಹುಗ್ಗಿ ಮಾಡಿ ಬಡಿಸುವ ರೈತರು, ಅಪರಿಚಿತರ ಕಾಲಿನ ಗುಳ್ಳೆಗೆ ಎಣ್ಣೆ ಹಚ್ಚುವ ಮುದುಕರು. ಗಡಿಯಾಚೆಯ ತೆಲುಗು ಹಳ್ಳಿಗಳಲ್ಲಿ ಭಾಷೆ ಬೇರೆಯಾಯಿತು, ನೀರು ಕೊಡುವ ಕೈ ಬೇರೆಯಾಗಲಿಲ್ಲ. ಆ ತಾಯಿ ಹಗಲಿನ ಬಿಡುವಿನಲ್ಲಿ ಸುಮ್ಮನೆ ಕೂಡಲಿಲ್ಲ. ಎಲ್ಲಿ ಉಂಡರೋ ಅಲ್ಲಿ ರೊಟ್ಟಿ ಬಡಿದರು, ಪಾತ್ರೆ ತೊಳೆದರು, ಕಾಯಿಪಲ್ಲೆ ಹೆಚ್ಚಿದರು. ಪ್ರಸಾದವನ್ನು ಪಡೆದವರು ಕಾಯಕದಿಂದ ಅದನ್ನು ತುಂಬಿಕೊಡಬೇಕೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಹೀಗೆ ಮಾಡಲು ಸಮಯ ಬೇಕು. ಸಮಯ ದೊರೆಯುವುದು ಮೆಲ್ಲನೆ ನಡೆಯುವವರಿಗೆ.

ದಾರಿಯ ಮೇಲಿನ ಅವಸರ ಒಂದು ನಾಡಿಗೆ, ಒಂದು ಮತಕ್ಕೆ ಸೇರಿದುದಲ್ಲ. ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ ಸಾಂತಿಯಾಗೊ ದೆ ಕಾಂಪೊಸ್ತೆಲಾ ಎಂಬ ಊರಿದೆ. ಯೇಸುಕ್ರಿಸ್ತರ ಶಿಷ್ಯ ಯಾಕೋಬರ ಸಮಾಧಿ ಅಲ್ಲಿದೆಯೆಂಬುದು ಕ್ರೈಸ್ತರ ನಂಬಿಕೆ. ಸಾವಿರ ವರ್ಷಗಳಿಂದಲೂ ಯಾತ್ರಿಕರು ಅಲ್ಲಿಗೆ ನಡೆದು ಹೋಗುತ್ತಿದ್ದಾರೆ. ಫ್ರಾನ್ಸಿನ ಗಡಿಯಿಂದ ಹೊರಡುವ ಪ್ರಸಿದ್ಧ ದಾರಿ ಸುಮಾರು 780 ಕಿಲೋಮೀಟರ್ ಉದ್ದ, ಒಂದು ತಿಂಗಳಿಗೂ ಮಿಗಿಲಾದ ನಡಿಗೆ. ಸ್ಪೇನಿನ ಈ ದಾರಿಯನ್ನು 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಕೊನೆಯ 100 ಕಿಲೋಮೀಟರನ್ನಾದರೂ ಕಾಲ್ನಡಿಗೆಯಲ್ಲಿ ಕ್ರಮಿಸಿದವರಿಗೆ ಅಲ್ಲಿ ಒಂದು ಪ್ರಮಾಣಪತ್ರವನ್ನು ಕೊಡುತ್ತಾರೆ. 2023ರಲ್ಲಿ ಅದನ್ನು ಪಡೆದವರು 4.4 ಲಕ್ಷಕ್ಕೂ ಹೆಚ್ಚು. ದಾರಿಯುದ್ದಕ್ಕೂ ಯಾತ್ರಿಕರಿಗೆಂದು ಕಡಿಮೆ ದರದ ಛತ್ರಗಳಿವೆ. ಹಾಸಿಗೆಗಳು ಎಣಿಕೆಯವು, ನಡೆಯುವವರು ಬಹಳ. ಆದುದರಿಂದ ಕತ್ತಲಿರುವಾಗಲೇ ಎದ್ದು, ಮುಂದಿನ ಊರಿನ ಹಾಸಿಗೆಯನ್ನು ಹಿಡಿಯಲು ಓಡುವವರು ಅಲ್ಲಿಯೂ ಇದ್ದಾರೆ. ಅವಸರವಿಲ್ಲದೆ ಊರೂರಿನಲ್ಲಿ ನಿಲ್ಲುತ್ತ, ಹಳೆಯ ಇಗರ್ಜಿಗಳಲ್ಲಿ ಕುಳಿತು ಪ್ರಾರ್ಥಿಸುತ್ತ ಸಾಗುವವರೂ ಇದ್ದಾರೆ. ದೇವರು ಬೇರೆ, ನೆಲ ಬೇರೆ. ನಡೆಯುವ ಕಾಲಿಗೆ ಎದುರಾಗುವ ಪರೀಕ್ಷೆ ಒಂದೇ.

ಸೊನ್ನಲಿಗೆಯ ಸಿದ್ಧರಾಮರ ಕಥೆ ಈ ಪರೀಕ್ಷೆಯನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ರಾಘವಾಂಕನು ತನ್ನ ಕಾವ್ಯದಲ್ಲಿ ಇದನ್ನು ಹೇಳಿದ್ದಾನೆ. ದನ ಕಾಯುತ್ತಿದ್ದ ಬಾಲಕ ಸಿದ್ಧರಾಮರ ಬಳಿಗೆ ಮಲ್ಲಯ್ಯ ಜಂಗಮನ ವೇಷದಲ್ಲಿ ಬಂದನು. ಹುಡುಗನು ಉಣ್ಣಲು ತರುವೆನೆಂದು ಮನೆಗೆ ಓಡಿಹೋಗಿ ಬರುವಷ್ಟರಲ್ಲಿ ಅವನು ಕಾಣೆಯಾಗಿದ್ದನು. ಮಲ್ಲಯ್ಯಾ ಎಂದು ಕೂಗುತ್ತ ಅಲೆದ ಬಾಲಕನು ಶ್ರೀಶೈಲದ ಯಾತ್ರಿಕರ ಗುಂಪನ್ನು ಕೂಡಿಕೊಂಡನು. ಅವರು ಗಿರಿಯ ಲಿಂಗವನ್ನು ತೋರಿಸಿ, ಇವನೇ ಮಲ್ಲಯ್ಯನೆಂದರು. ಹುಡುಗನು ಒಪ್ಪಲಿಲ್ಲ. ತನ್ನೊಡನೆ ಮಾತನಾಡಿದ, ತನ್ನ ಕೈಯಿಂದ ಉಂಡ ಮಲ್ಲಯ್ಯ ಅವನಿಗೆ ಬೇಕಾಗಿದ್ದನು. ಕಡೆಗೆ ಕೊಳ್ಳಕ್ಕೆ ಹಾರಲು ಹೋದಾಗ ಮಲ್ಲಿಕಾರ್ಜುನನೇ ಬಂದು ಹಿಡಿದನು. ಹಿಡಿದವನು ಅವನನ್ನು ಗಿರಿಯಲ್ಲಿ ಇರಿಸಿಕೊಳ್ಳಲಿಲ್ಲ, ಊರಿಗೆ ಮರಳಿ ಕಳುಹಿಸಿದನು. ಊರಿಗೆ ಬಂದ ಸಿದ್ಧರಾಮರು ಕೆರೆ ಕಟ್ಟಿದರು, ಗುಡಿ ಕಟ್ಟಿದರು. ಇಂದಿಗೂ ಸೊಲ್ಲಾಪುರದಲ್ಲಿ ಆ ಕೆರೆ ಇದೆ. ಶ್ರೀಶೈಲದ ಯಾತ್ರೆ ಗರ್ಭಗುಡಿಯಲ್ಲಿ ಮುಗಿಯದೆ, ಮರಳಿ ಬಂದ ಊರಿನ ಕೆರೆಯಲ್ಲಿ ಪೂರ್ಣವಾಯಿತು ಎಂಬುದನ್ನು ಗಮನಿಸಬೇಕು.

ಆತ್ಮಕೂರು ದಾಟಿದ ಮೇಲೆ ಅಡವಿ. ವೆಂಕಟಾಪುರದಿಂದ ನಾಗಲೂಟಿಯ ವೀರಭದ್ರ, ಅಲ್ಲಿಂದ ಚೆಂಚು ಜನರು ವಾಸಿಸುವ ಪೆದ್ದಚೆರುವು, ಮುಂದೆ ಭೀಮುನಿ ಕೊಲನು, ಕೈಲಾಸದ್ವಾರ. ಇದು ಹುಲಿಗಳ ಸಂರಕ್ಷಿತ ಕಾಡು. ಹಬ್ಬದ ದಿನಗಳಲ್ಲಿ ಮಾತ್ರ ಇಲ್ಲಿ ಜನಜಾತ್ರೆ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮನು ಶ್ರೀಶೈಲಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದನು. ಅಂಥ ಕಲ್ಲುಮೆಟ್ಟಿಲುಗಳನ್ನು ಹತ್ತಿ ಇಳಿಯುವುದು ಗಟ್ಟಿ ಕಾಲುಗಳಿಗೂ ಸುಲಭವಲ್ಲ. ಆತ್ಮಕೂರಿನಲ್ಲಿ ಶಿಕ್ಷಕರು ಬಸ್ಸಿನ ಮಾತನ್ನು ಎತ್ತಿದರು. ಆ ತಾಯಿ ಉತ್ತರ ಕೊಡದೆ ಕೋಲನ್ನು ಕೈಗೆತ್ತಿಕೊಂಡರು.

ನಾಗಲೂಟಿಯ ಆಚೆ ಒಂದು ಮರದ ಬುಡದಲ್ಲಿ ತರುಣನೊಬ್ಬ ಕುಳಿತಿದ್ದನು. ಅವನ ಅಂಗಾಲಿನ ಗುಳ್ಳೆಗಳು ಒಡೆದು ಕಾಲು ಬಾತಿತ್ತು. ಜೊತೆಯವರು ಮುಂದೆ ಹೋಗಿದ್ದರು. ತೇರು ತಪ್ಪೀತೆಂಬ ಅವಸರ ಅವರಿಗಿತ್ತು. ಶಿಕ್ಷಕರ ಲೆಕ್ಕಕ್ಕೆ ಇದ್ದುದೂ ಒಂದೇ ದಿನದ ಅಂತರ. ನಿಂತರೆ ತೇರು ಇವರಿಗೂ ತಪ್ಪುತ್ತಿತ್ತು. ಮೂವತ್ತು ವರ್ಷಗಳ ಆಸೆ, ಇಪ್ಪತ್ತಾರು ದಿನಗಳ ನಡಿಗೆ ಒಂದು ತಕ್ಕಡಿಯಲ್ಲಿ, ಹೆಸರು ತಿಳಿಯದ ಹುಡುಗನ ಕಾಲು ಇನ್ನೊಂದರಲ್ಲಿ. ಶಿಕ್ಷಕರು ಪತ್ನಿಯ ಮುಖ ನೋಡಿದರು. ಅವರು ಆಗಲೇ ಗಂಟು ಇಳಿಸಿ, ಬಟ್ಟೆ ಹರಿದು, ಕಾಲು ತೊಳೆಯಲು ನೀರು ಬಗ್ಗಿಸುತ್ತಿದ್ದರು.

ಅಂದು ಮೂವರೂ ಅಲ್ಲಿಯೇ ತಂಗಿದರು. ಮರುದಿನದಿಂದ ಹುಡುಗನು ಆ ತಾಯಿಯ ನಡಿಗೆಯಲ್ಲಿಯೇ ನಡೆದನು. ಮೆಟ್ಟಿಲುಗಳಲ್ಲಿ ಅವನು ಅವರ ಕೈ ಹಿಡಿದನು, ಅವರು ಅವನ ಹೆಗಲು ಹಿಡಿದರು. ಯಾರು ಯಾರನ್ನು ದಾಟಿಸಿದರೆಂದು ಹೇಳುವುದು ಕಷ್ಟ. ಯುಗಾದಿಯ ರಾತ್ರಿ ಅವರು ಗಿರಿಯನ್ನು ಮುಟ್ಟಿದಾಗ ತೇರು ಎಳೆದಾಗಿತ್ತು. ಬೀದಿಯ ತುಂಬ ಹೂವಿನ ಎಸಳು, ಬಾಳೆಹಣ್ಣಿನ ಸಿಪ್ಪೆ, ಮಲಗಿದ ಜನ. ಶಿಕ್ಷಕರಿಗೆ ಮನಸ್ಸಿನಲ್ಲಿ ನೋವಾಯಿತು, ತಮಗಾಗಿ ಅಲ್ಲ, ಪತ್ನಿಗಾಗಿ. ಅದನ್ನು ಅವರು ಬಾಯಿಬಿಟ್ಟು ಹೇಳಿದಾಗ ಬಂದ ಉತ್ತರ ಇಷ್ಟೇ, “ತೇರು ವರ್ಷಾ ಎಳೀತಾರ. ಆ ಹುಡುಗನ್ನ ಬಿಟ್ಟು ಬಂದಿದ್ರ ನಾ ಏನ್ ನೋಡ್ತಿದ್ದೆ?”

ಮರುದಿನ ನಸುಕಿನಲ್ಲಿ ಆ ತಾಯಿ ಸರದಿಯಲ್ಲಿ ನಿಂತು ಮಲ್ಲಯ್ಯನ ದರ್ಶನ ಮಾಡಿದರು, ಸುರಪುರದಿಂದ ಹೊತ್ತು ತಂದ ಸೀರೆ ಬಳೆಗಳನ್ನು ಮನೆಮಗಳಿಗೆ ಒಪ್ಪಿಸಿದರು. ಶಿಕ್ಷಕರು ಒಳಗೆ ಹೋಗಲಿಲ್ಲ. ಪ್ರಾಕಾರದ ಹೊರಗೆ ಒಂದು ಕಟ್ಟೆಯ ಮೇಲೆ ಕುಳಿತು, ಎಂದಿನಂತೆ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಇಟ್ಟು ಪೂಜಿಸಿದರು. ಇಬ್ಬರೂ ಒಬ್ಬರನ್ನೊಬ್ಬರು ಏನೂ ಕೇಳಲಿಲ್ಲ. ಮುದನೂರಿನ ದಾಸಿಮಯ್ಯನವರು ಸತಿಪತಿಯರ ಕೂಡುಭಕ್ತಿಯನ್ನು ಕೊಂಡಾಡಿದವರು. ಮುದನೂರು ಇರುವುದು ಅದೇ ಸುರಪುರ ಸೀಮೆಯಲ್ಲಿ. ಕೂಡುವುದೆಂದರೆ ಇಬ್ಬರೂ ಒಂದೇ ಬಾಗಿಲಲ್ಲಿ ಹೋಗಬೇಕೆಂದಿಲ್ಲ. ಒಬ್ಬರ ಕಾಲಿನ ನೋವಿಗೆ ಇನ್ನೊಬ್ಬರ ಹೆಜ್ಜೆ ತಗ್ಗಿದರೆ ಅದೂ ಕೂಟವೇ.

ಮೊದಲು ಎದ್ದ ಪ್ರಶ್ನೆಗೆ ಈಗ ಮರಳಬಹುದು. ಶರಣರು ಸ್ಥಾವರಕ್ಕಿಂತ ಜಂಗಮ ಮಿಗಿಲೆಂದಾಗ ಅವರು ಬೇಡವೆಂದುದು ನಿಂತುಹೋಗುವುದನ್ನು. ಜಂಗಮವೆಂದರೆ ಚಲಿಸುವುದು. ಆದರೆ ಕಾಲು ಚಲಿಸಿದ ಮಾತ್ರಕ್ಕೆ ಜಂಗಮವಾಗುವುದಿಲ್ಲ. ಐವತ್ತು ಕಿಲೋಮೀಟರ್ ಓಡಿದವನ ಮನಸ್ಸು ತನ್ನ ಹೆಮ್ಮೆಯಲ್ಲಿ ಕಲ್ಲಿನಂತೆ ನಿಂತಿರಬಹುದು. ಹನ್ನೆರಡೇ ಕಿಲೋಮೀಟರ್ ನಡೆದವಳ ಮನಸ್ಸು ದಾರಿಯ ಪ್ರತಿಯೊಬ್ಬರ ಬಳಿಗೂ ಹೋಗಿ ಬಂದಿರಬಹುದು. ದಾರಿಯಲ್ಲಿ ಬಿದ್ದವನಿಗೆ ನಿಲ್ಲದ ನಡಿಗೆ, ಗಿರಿಯನ್ನು ಮುಟ್ಟಿದರೂ, ಸ್ಥಾವರ. ಅವನಿಗಾಗಿ ನಿಂತ ನಡಿಗೆ, ತೇರು ತಪ್ಪಿದರೂ, ಜಂಗಮ. ಗಿರಿಗೆ ಹೋಗದೆ ಮನೆಯಲ್ಲಿಯೇ ಲಿಂಗಪೂಜೆ ಮಾಡುವವರಿಗೂ ಅಳತೆಗೋಲು ಇದೇ.

ಬರುವ ಫಾಲ್ಗುಣದಲ್ಲಿ ಹೊರಡುವ ಭಕ್ತರು ಮನಸ್ಸಿಗೆ ತಂದುಕೊಳ್ಳಬೇಕಾದ ಮಾತುಗಳು ಕೆಲವಿವೆ. ಸಾಧ್ಯವಿದ್ದವರು ಒಂದು ವಾರ ಮೊದಲೇ ಹೊರಡಲಿ. ನಡುಹಗಲಿನ ಡಾಂಬರಿನ ಮೇಲೆ ಹಟ ಬೇಡ. ನೋವಿನ ಮಾತ್ರೆ ನುಂಗಿ ಕಾಲನ್ನು ಮೋಸಗೊಳಿಸುವುದು ಬೇಡ. ಅಡವಿಯಲ್ಲಿ ಪ್ಲಾಸ್ಟಿಕ್ ಎಸೆಯುವುದು ಬೇಡ, ಅದು ಮೂಕಪ್ರಾಣಿಗಳ ಮನೆ. ತಂಡದಲ್ಲಿ ಎಲ್ಲರಿಗಿಂತ ಮೆಲ್ಲನೆ ನಡೆಯುವವರು ಯಾರೋ ಅವರನ್ನು ಮುಂದೆ ಬಿಟ್ಟು, ಉಳಿದವರು ಅವರ ಹಿಂದೆ ನಡೆಯಲಿ. ಉಂಡಲ್ಲಿ ಒಂದಿಷ್ಟು ಕೆಲಸ ಮಾಡಿ ಏಳಲಿ. ಮರಳಿ ಬಂದ ಮೇಲೆ ಊರಿನಲ್ಲಿ ಒಂದು ಕೆರೆಯ ಹೂಳನ್ನೋ, ಒಂದು ಬಾವಿಯ ಕಸವನ್ನೋ ತೆಗೆಯಲು ಕೈಹಚ್ಚಲಿ. ಸಿದ್ಧರಾಮರನ್ನು ಮಲ್ಲಯ್ಯ ಊರಿಗೆ ಮರಳಿ ಕಳುಹಿಸಿದುದು ಇಂಥ ಕೆಲಸಕ್ಕಾಗಿಯೇ.